ಆಳದ ನೀರಿನಲ್ಲಿ ಕ್ರಾಪಿ: ಲೇಕ್ ಲೇನಿಯರ್‌ನಲ್ಲಿ ನನ್ನ ಅನುಭವ

ಲೇನಿಯರ್‌ನಲ್ಲಿ ಕ್ರಾಪಿ ಎಂಬ ಮೀನು ಸಿಗುತ್ತಾ ಅಂತ ಅಟ್ಲಾಂಟಾಕ್ಕೆ ಹೊಸದಾಗಿ ಬಂದ ಕನ್ನಡದವರು ಕೇಳುತ್ತಿರುತ್ತಾರೆ. ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಆದರೆ ಆ ನೀರಿನ ಬಹುಪಾಲು ಜಾಗದಲ್ಲಿ ಕ್ರಾಪಿ ಇರುವುದೇ ಇಲ್ಲ. ಅಷ್ಟು ದೊಡ್ಡ ಜಲಾಶಯದಲ್ಲಿ ಯಾವ ಜಾಗ ಬಿಡಬೇಕು ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಜಾರ್ಜಿಯಾದ ಚಾಟಹೂಚಿ ನದಿಗೆ 1950ರ ದಶಕದಲ್ಲಿ ಬ್ಯೂಫರ್ಡ್ ಅಣೆಕಟ್ಟು ಕಟ್ಟಿದಾಗ ಆದ ಜಲಾಶಯ ಇದು. ತುಂಬಿದಾಗ ಸುಮಾರು 38,000 ಎಕರೆ. ಅಣೆಕಟ್ಟಿನ ಹತ್ತಿರ 150 ಅಡಿಗೂ ಮೀರಿದ ಆಳ. ಕೆಳಗಿನ ನೀರು ಎಷ್ಟು ತಣ್ಣಗಿರುತ್ತದೆ ಅಂದರೆ, ಅಣೆಕಟ್ಟಿನಿಂದ ಹೊರಬೀಳುವ ಆ ನೀರಿನಿಂದಲೇ ಕೆಳಗಿನ ನದಿಯಲ್ಲಿ ಟ್ರೌಟ್ ಮೀನು ಬದುಕುತ್ತದೆ. ಜಾರ್ಜಿಯಾದ ಬೇಸಿಗೆ ನೋಡಿದವರಿಗೆ ಇದು ನಂಬಲಾಗದ ಮಾತು, ಅಲ್ವಾ? ಕ್ರಾಪಿಗೆ ಮಾತ್ರ ಆ ಆಳ ಬೇಕಿಲ್ಲ. ಅಗಲವಾದ ಚಪ್ಪಟೆ ಮೈ, ಬೆಳ್ಳಿ ಬಣ್ಣದ ಮೇಲೆ ಕಪ್ಪು ಚುಕ್ಕೆ, ದೊಡ್ಡ ಕಣ್ಣು. ದಡದ ಆಸರೆ, ನೆರಳು, ಮುಳುಗಿದ ಕೊಂಬೆ, ಇವೇ ಅದರ ಮನೆ.

ಜೊತೆಗೆ ಇಲ್ಲಿ ಕ್ರಾಪಿ ಒಂದೇ ಇಲ್ಲ. ಸ್ಪಾಟೆಡ್ ಬಾಸ್ ಬೇಕಾದಷ್ಟಿದೆ. ಸ್ಟ್ರೈಪರ್ ಇದೆ. ಅದು ಮೂಲತಃ ಸಮುದ್ರದಿಂದ ನದಿಗೆ ಬಂದು ಮೊಟ್ಟೆಯಿಡುವ ಮೀನು. ಇಲ್ಲಿ ತಾನಾಗಿ ಸಂತತಿ ಬೆಳೆಸಿಕೊಳ್ಳುವುದಿಲ್ಲ, ಹಾಗಾಗಿ ರಾಜ್ಯ ಸರ್ಕಾರ ಮರಿಗಳನ್ನು ತಂದು ಬಿಡುತ್ತದೆ. ನಡುನೀರು ಸ್ಟ್ರೈಪರ್‌ನದ್ದು, ಕಲ್ಲು ಮತ್ತು ದಿಬ್ಬದ ಅಂಚು ಬಾಸ್‌ದು. ಸಣ್ಣ ಕ್ರಾಪಿಯನ್ನು ಎರಡೂ ತಿನ್ನುತ್ತವೆ. ಅದಕ್ಕೇ ಕ್ರಾಪಿ ಆಸರೆ ಬಿಟ್ಟು ದೂರ ಹೋಗುವುದಿಲ್ಲ ಅಂತ ನನ್ನ ಅಂದಾಜು. ದೊಡ್ಡ ಮೀನುಗಳಿರುವ ನೀರಿನಲ್ಲಿ ಕ್ರಾಪಿ ಸಿಗೋದು ಕಷ್ಟ ಅಂತಾರೆ. ನಾನು ಒಪ್ಪುವುದಿಲ್ಲ. ಹೆದರಿದ ಮೀನು ಒಂದೇ ಕಡೆ ಗುಂಪಾಗಿ ನಿಲ್ಲುತ್ತದೆ, ಹುಡುಕುವವನಿಗೆ ಅದೇ ಅನುಕೂಲ.

ನಾನು ದೋಣಿ ಇಳಿಸುವುದು ಯಾವಾಗಲೂ ಮೇಲ್ಭಾಗದಲ್ಲಿ. ಗೇನ್ಸ್‌ವಿಲ್ ಊರಿನ ಕಡೆ, ಚಾಟಹೂಚಿ ಮತ್ತು ಚೆಸ್ಟಟೀ ನದಿಗಳು ಒಳಬರುವ ತೋಳುಗಳಲ್ಲಿ. ಅಣೆಕಟ್ಟಿನ ಬಳಿ ನೀರು ತಿಳಿ, ನೋಡಲು ಚೆಂದ, ಆದರೆ ತಿಳಿನೀರಿನಲ್ಲಿ ತಿನ್ನಲು ಕಡಿಮೆ. ಮೇಲ್ಭಾಗಕ್ಕೆ ಮಳೆನೀರಿನ ಜೊತೆ ಮಣ್ಣು, ಗೊಬ್ಬರದ ಸತ್ವ ಬರುತ್ತದೆ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಹುಟ್ಟುತ್ತವೆ, ಅವನ್ನು ತಿನ್ನಲು ಶ್ಯಾಡ್ ಎಂಬ ಸಣ್ಣ ಮೀನಿನ ಮರಿಗಳು, ಅವುಗಳ ಹಿಂದೆ ಕ್ರಾಪಿ. ಸ್ವಲ್ಪ ಕದಡಿದ ನೀರು ನನಗೆ ಇಷ್ಟ. ಅಂಥ ನೀರಿನಲ್ಲಿ ಮೀನಿಗೆ ಸಂಶಯ ಕಡಿಮೆ.

ವಸಂತದಲ್ಲಿ ಎಲ್ಲರಿಗೂ ಸಿಗುತ್ತದೆ, ಅದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನೀರಿನ ಬಿಸಿ 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ ತೊರೆಗಳ ಒಳಮೂಲೆಗೆ ಬಂದು ಮೊಟ್ಟೆಯಿಡುತ್ತವೆ. ಗಂಡು ಮೀನು ಕಪ್ಪಾಗಿ ಗೂಡು ಕಾಯುತ್ತಾ ನಿಲ್ಲುತ್ತದೆ. ಬೆಂಡು ಕಟ್ಟಿ ಅದರ ಕೆಳಗೆ ಜೀವಂತ ಮಿನೋ ಮೀನು ಬಿಟ್ಟರೆ ಸಾಕು.

ನಿಜವಾದ ಕೆಲಸ ಆಮೇಲೆ ಶುರುವಾಗುತ್ತದೆ, ದೋಣಿ ಕಟ್ಟುವ ಅಟ್ಟಣೆಗಳ, ಅಂದರೆ ಡಾಕ್‌ಗಳ ಕೆಳಗೆ. ಲೇನಿಯರ್ ದಡದ ಉದ್ದಕ್ಕೂ ಮನೆಯವರು ಕಟ್ಟಿಕೊಂಡ ತೇಲುವ ಡಾಕ್‌ಗಳಿವೆ. ನೀರು ಏರಿದರೆ ಏರುತ್ತವೆ, ಇಳಿದರೆ ಇಳಿಯುತ್ತವೆ. ಕೆಳಗೆ ಹದಿನೈದರಿಂದ ಮೂವತ್ತು ಅಡಿ ನೀರಿರುವ ಹಳೆಯ ಡಾಕ್‌ಗಳನ್ನು ನಾನು ಆರಿಸುತ್ತೇನೆ. ಗಾಳದ ಕೋಲು ಸಿಕ್ಕಿಸುವ ಕೊಳವೆ, ನೀರಿನತ್ತ ತಿರುಗಿಸಿದ ದೀಪ ಕಂಡರೆ ಅಲ್ಲೇ ನಿಲ್ಲುತ್ತೇನೆ. ಆ ಮನೆಯವರು ಮೀನು ಹಿಡಿಯುವವರು, ಕೆಳಗೆ ಕೊಂಬೆ ಕಟ್ಟಿ ಮುಳುಗಿಸಿರುವ ಸಾಧ್ಯತೆ ಜಾಸ್ತಿ. ಮೋಡದ ದಿನಕ್ಕಿಂತ ಸುಡುಬಿಸಿಲಿನ ಮಧ್ಯಾಹ್ನವೇ ನನಗೆ ಒಳ್ಳೆಯದು. ಬಿಸಿಲಿದ್ದಾಗ ಮೀನೆಲ್ಲ ನೆರಳಿಗೆ ಸೇರುತ್ತವೆ, ಮೋಡವಿದ್ದರೆ ಚದುರುತ್ತವೆ.

ನೆರಳಿನ ಒಳಮೂಲೆಗೆ ಸಾಮಾನ್ಯ ಎಸೆತ ತಲುಪುವುದಿಲ್ಲ. ಅದಕ್ಕೆ ಬೇರೆ ಕೈಚಳಕ ಬೇಕು. ಐದಾರು ಅಡಿಯ ಹಗುರ ಕೋಲು, ನಾಲ್ಕು ಪೌಂಡಿನ ಎಳೆತ ತಡೆಯುವ ದಾರ, ಒಂದು ಗ್ರಾಮಿಗೂ ಕಡಿಮೆ ತೂಕದ ಜಿಗ್, ಅಂದರೆ ಸೀಸದ ತಲೆಯಿರುವ ಕೊಕ್ಕೆ. ಜಿಗ್‌ನ ಸೀಸದ ತಲೆಯನ್ನು ಎರಡು ಬೆರಳಲ್ಲಿ ಹಿಡಿದು, ಕೊಕ್ಕೆಯ ಮೊನೆ ಕೈಯಿಂದ ಆಚೆ ಇರುವಂತೆ ನೋಡಿಕೊಂಡು, ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಬಿಡಬೇಕು. ನೀರಿಗೆ ತೀರಾ ಹತ್ತಿರ ಹಾರಿದ ಜಿಗ್ ಡಾಕ್‌ನ ಕೆಳಗಿನ ಸಂದಿಯಲ್ಲಿ ಕುಪ್ಪಳಿಸುತ್ತಾ ಒಳಗೆ ಹೋಗುತ್ತದೆ. ಮೊದಲು ಜಿಗ್ ಬಿಡಬೇಕು, ತಕ್ಷಣ ದಾರ ಒತ್ತಿ ಹಿಡಿದ ಇನ್ನೊಂದು ಕೈಯ ಬೆರಳು ಎತ್ತಬೇಕು. ಮನೆಯ ಅಂಗಳದಲ್ಲಿ ಕುರ್ಚಿಯ ಕೆಳಗೆ ಎಸೆದು ಅಭ್ಯಾಸ ಮಾಡಿ, ಬೇಗ ಬರುತ್ತದೆ.

ಆಮೇಲೆ ಸುಮ್ನೆ ದಾರ ನೋಡುತ್ತಿರಬೇಕು. ಕ್ರಾಪಿ ಕಚ್ಚಿದ್ದು ಕೈಗೆ ಗೊತ್ತಾಗುವುದು ಕಡಿಮೆ. ಇಳಿಯುತ್ತಿದ್ದ ದಾರ ಸಣ್ಣಗೆ ಮಿಡಿಯುತ್ತದೆ, ಅಥವಾ ಇಳಿಯಬೇಕಾದ ದಾರ ನಡುವೆಯೇ ನಿಂತುಬಿಡುತ್ತದೆ. ಮೀನು ಮೇಲೆ ನೋಡಿ ತಿನ್ನುವ ಜಾತಿ, ಆದ್ದರಿಂದ ಜಿಗ್ ಅದರ ತಲೆಯ ಮೇಲೇ ಇರಬೇಕು. ಕೆಳಗೆ ಹೋದ ಜಿಗ್ ವ್ಯರ್ಥ. ಇಳಿಯುವಾಗ ಮನಸ್ಸಿನಲ್ಲೇ ಎಣಿಸುತ್ತೇನೆ. ಎಂಟಕ್ಕೆ ಮೊದಲ ಮೀನು ಕಚ್ಚಿದರೆ ಮುಂದಿನ ಎಸೆತಕ್ಕೂ ಏಳೆಂಟರಲ್ಲೇ ಕಾಯುತ್ತೇನೆ. ಎಳೆಯುವಾಗ ಜೋರು ಬೇಡ. ಅದರ ಬಾಯಿ ತೆಳ್ಳಗೆ, ಹರಿದುಹೋಗುತ್ತದೆ. ಕೈಬಲೆ ಪಕ್ಕದಲ್ಲೇ ಇರಲಿ. ದಾರ ಒಮ್ಮೆಲೇ ಪಕ್ಕಕ್ಕೆ ಓಡಿದರೆ ಅದು ಸ್ಪಾಟೆಡ್ ಬಾಸ್. ಅದಕ್ಕಾಗಿ ರೀಲಿನ ಬಿಗಿ ಮೊದಲೇ ಸಡಿಲವಾಗಿರಬೇಕು.

ಬೇಸಿಗೆಯಲ್ಲಿ ನೀರು ಪದರಪದರವಾಗಿ ನಿಲ್ಲುತ್ತದೆ. ಮೇಲೆ ಬಿಸಿ, ಕೆಳಗೆ ತಂಪು, ನಡುವೆ ಒಂದು ಗಡಿ. ಸ್ಟ್ರೈಪರ್ ತಂಪು ಹುಡುಕಿಕೊಂಡು ಅಣೆಕಟ್ಟಿನ ಕಡೆಯ ಆಳಕ್ಕೆ ಹೋಗುತ್ತದೆ. ಕ್ರಾಪಿ ಗಡಿಯ ಮೇಲೆಯೇ ಕೊಂಬೆಗಳಲ್ಲಿ ಉಳಿಯುತ್ತದೆ. ನೀರಿನೊಳಗನ್ನು ಶಬ್ದದಿಂದ ತೋರಿಸುವ ಸೋನಾರ್ ಯಂತ್ರದ ಪರದೆಯಲ್ಲಿ ಆ ಗಡಿ ತೆಳು ಪಟ್ಟಿಯಾಗಿ ಕಾಣುತ್ತದೆ, ನಾನು ಅದರ ಕೆಳಗೆ ಜಿಗ್ ಇಳಿಸುವುದಿಲ್ಲ. ಈ ತಿಂಗಳುಗಳಲ್ಲಿ ರಾತ್ರಿಯೇ ಸುಖ. ಸೇತುವೆಯ ಕಂಬಕ್ಕೆ ದೋಣಿ ಕಟ್ಟಿ ಹಸಿರು ದೀಪ ಇಳಿಸಿದರೆ ಮೊದಲು ಸಣ್ಣ ಜೀವಿಗಳು, ಆಮೇಲೆ ಶ್ಯಾಡ್, ಕೊನೆಗೆ ಬೆಳಕಿನ ಅಂಚಿನಲ್ಲಿ ಕ್ರಾಪಿ. ತಾಳ್ಮೆ ಬೇಕು, ದೀಪ ಹಚ್ಚಿದ ಕೂಡಲೇ ಏನೂ ಆಗುವುದಿಲ್ಲ.

ಹದಿನಾರು ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. ಜಾರ್ಜಿಯಾದಲ್ಲಿ ಒಬ್ಬರಿಗೆ ದಿನಕ್ಕೆ 30 ಕ್ರಾಪಿಯ ಮಿತಿ ಇದೆ. ಡಾಕ್ ಖಾಸಗಿ, ಅದರ ಹಗ್ಗಕ್ಕೂ ಅಲ್ಲಿನ ದೋಣಿಗೂ ಜಿಗ್ ತಗುಲಿಸಬೇಡಿ. ಮನೆಯವರು ಕೂತಿದ್ದರೆ ನಾನು ಕೈ ಬೀಸಿ ಮುಂದಿನ ಡಾಕ್‌ಗೆ ಹೋಗುತ್ತೇನೆ.

ಚಳಿಗಾಲದಲ್ಲಿ ಮೂವತ್ತು ನಲವತ್ತು ಅಡಿಯಲ್ಲೂ ಗುಂಪು ಸಿಗುತ್ತದೆ. ಅಷ್ಟು ಕೆಳಗಿನಿಂದ ಮೇಲೆ ತಂದ ಮೀನಿನ ಗಾಳಿಚೀಲ ಉಬ್ಬುತ್ತದೆ. ನೀರಿಗೆ ಬಿಟ್ಟರೂ ಎಷ್ಟೋ ಮೀನು ಬದುಕುವುದಿಲ್ಲ. ಆದ್ದರಿಂದ ಅಲ್ಲಿ ಚಿಕ್ಕದು ಬಿಟ್ಟು ದೊಡ್ಡದು ಆರಿಸುವ ಆಟ ಆಡುವುದಿಲ್ಲ. ರವೆ ಹಚ್ಚಿ ಹುರಿಯಲು ನಮ್ಮ ಮನೆಗೆ ಬೇಕಾಗುವಷ್ಟು ಆದ ಕೂಡಲೇ ಆ ಆಳ ಬಿಟ್ಟು ಹದಿನೈದು ಅಡಿಯ ಡಾಕ್‌ಗಳ ಕಡೆ ದೋಣಿ ತಿರುಗಿಸುತ್ತೇನೆ.