ಹಿಮ್ಮಡಿ ಟೆಂಡನ್ ಕತ್ತರಿಸಿದ ಮೇಲೆ: ಪ್ಲಾಸ್ಟರ್ ಇರುವ 3 ವಾರ, ಆಮೇಲಿನ ಬೂಟು

ವಾರಕ್ಕೊಂದರಂತೆ ಪ್ಲಾಸ್ಟರ್ ಹಾಕಿ ಮಗಳ ಸೊಟ್ಟ ಪಾದ ಸುಮಾರಾಗಿ ನೇರವಾದ ಮೇಲೆ, ಹಿಮ್ಮಡಿ ಹತ್ತಿರ ಒಂದು ಸಣ್ಣ ಕಟ್ ಮಾಡಬೇಕು ಅಂದರು ಡಾಕ್ಟರು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ನರ ಕತ್ತರಿಸ್ತಾರಂತೆ!" ಮೊದಲು ಇದನ್ನು ತಲೆಯಿಂದ ತೆಗೆಯಿರಿ. ಅದು ನರ ಅಲ್ಲ, ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಹಗ್ಗ, ಅಕಿಲಿಸ್ ಟೆಂಡನ್. ಹೀಗೆ ವಾರವಾರ ಪ್ಲಾಸ್ಟರ್ ಹಾಕಿ ಸೊಟ್ಟ ಪಾದ ತಿದ್ದುವ ಪೊನ್ಸೆಟಿ ವಿಧಾನದಲ್ಲಿ ಹೆಚ್ಚಿನ ಮಕ್ಕಳಿಗೆ ಈ ಕಟ್ ಬೇಕಾಗುತ್ತದೆ.

ಕತ್ತರಿಸಿದ್ದನ್ನು ಹೊಲಿಯೋದಿಲ್ಲ. ಹಾಗಾದ್ರೆ ಕೂಡೋದು ಹೇಗೆ? ಟೆಂಡನ್ ಸುತ್ತ ತೆಳುವಾದ ಒಂದು ಹೊದಿಕೆ ಇರುತ್ತದೆ. ಎರಡು ತುದಿಗಳ ನಡುವಿನ ಸಂದಿನಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಸುತ್ತಲಿನ ಜೀವಕೋಶಗಳು ಅಲ್ಲಿಗೆ ಬಂದು ಹೊಸ ಎಳೆಗಳನ್ನು ನೇಯುತ್ತವೆ. ಪಾದವನ್ನು ಮೇಲಕ್ಕೆ ಬಗ್ಗಿಸಿಟ್ಟೇ ಪ್ಲಾಸ್ಟರ್ ಹಾಕಿರುವುದರಿಂದ ಟೆಂಡನ್ ಉದ್ದವಾಗಿಯೇ ಕೂಡುತ್ತದೆ. ಪುಟ್ಟ ಮಕ್ಕಳಲ್ಲಿ 3 ವಾರಕ್ಕೆ ಸಂದು ತುಂಬಿರುತ್ತದೆ, ಆದರೆ ಪೂರ್ತಿ ಹದಕ್ಕೆ ಬರಲು ಇನ್ನೂ ಕೆಲವು ವಾರ ಬೇಕು.

ಮೊದಲ ಒಂದೆರಡು ದಿನ ಮಗು ಕಿರಿಕಿರಿ ಮಾಡುತ್ತದೆ. ನೋವಿನ ಔಷಧಿ ಡಾಕ್ಟರು ತೂಕ ನೋಡಿ ಹೇಳಿದಷ್ಟೇ ಕೊಡಿ. ಹಿಮ್ಮಡಿ ಹತ್ತಿರ ಪ್ಲಾಸ್ಟರ್ ಮೇಲೆ ಸಣ್ಣ ರಕ್ತದ ಕಲೆ ಕಂಡರೆ ಗಾಬರಿ ಬೇಡ. ಪೆನ್ನಲ್ಲಿ ಅದರ ಸುತ್ತ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೆಯಿರಿ. ಕಲೆ ಗೆರೆ ದಾಟಿ ದೊಡ್ಡದಾಗುತ್ತಾ ಹೋದರೆ ಫೋನ್ ಮಾಡಿ.

ಡೈಪರ್ ಬದಲಿಸುವಾಗೆಲ್ಲ ಬೆರಳು ನೋಡೋದು ಅಭ್ಯಾಸ ಆಗಲಿ. ಒಂದು ಬೆರಳನ್ನು ಮೆಲ್ಲಗೆ ಒತ್ತಿ ಬಿಡಿ: ಬೆಳ್ಳಗಾಗಿ, ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಬಣ್ಣ ಬರಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ತುಂಬಾ ಊದಿದರೆ, ಜ್ವರ ಬಂದರೆ, ಪ್ಲಾಸ್ಟರಿನಿಂದ ಕೆಟ್ಟ ವಾಸನೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಹೊರಡಿ. ನಿನ್ನೆ ಕಾಣುತ್ತಿದ್ದ ಬೆರಳುಗಳು ಇವತ್ತು ಒಳಗೆ ಸೇರಿಕೊಂಡಿದ್ದರೆ ಪ್ಲಾಸ್ಟರ್ ಜಾರಿದೆ ಅಂತಲೇ ಅರ್ಥ. ನಮಗೆ ಹೀಗೇ ಆಯಿತು, ನಾಳೆ ನೋಡೋಣ ಅಂತ ಸುಮ್ನೆ ಕೂತೆವು. ತಪ್ಪು ನಮ್ಮದೇ.

ಮಲಗಿಸುವಾಗ ಕಾಲ ಕೆಳಗೆ ಬಟ್ಟೆ ಸುರುಳಿ ಇಡಿ, ಹಿಮ್ಮಡಿ ಅದರಿಂದಾಚೆ ಗಾಳಿಯಲ್ಲಿರಲಿ. ಇಲ್ಲದಿದ್ದರೆ ಅಲ್ಲೇ ಒತ್ತಿ ಹುಣ್ಣಾಗುತ್ತದೆ. ಪ್ಲಾಸ್ಟರ್ ತೊಡೆಯವರೆಗೂ ಇರುವುದರಿಂದ ಡೈಪರ್ ಅದರ ಅಂಚಿನ ಮೇಲೆ ಕೂರಬಾರದು, ಒಳಗೆ ಒದ್ದೆಯಾದರೆ ಒಣಗಿಸೋದು ಕಷ್ಟ. ಸ್ನಾನ ಬೇಡ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು.

ಪ್ಲಾಸ್ಟರ್ ಬಿಚ್ಚಿದ ದಿನವೇ ನಡುವೆ ಸರಳು ಜೋಡಿಸಿದ ಜೋಡಿ ಬೂಟು ಶುರು. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಿದ್ದೆಯ ಹೊತ್ತಲ್ಲಿ ಮಾತ್ರ, ಮಗುವಿಗೆ 4-5 ವರ್ಷ ಆಗೋವರೆಗೆ. ಬಹಳ ಜನ ಎಡವೋದು ಇಲ್ಲೇ. ಪಾದ ನೋಡಲು ಚೆನ್ನಾಗಿದೆ ಅಲ್ವಾ, ಇನ್ಯಾಕೆ ಬೂಟು ಅನ್ನಿಸುತ್ತದೆ, ಬಿಟ್ಟರೆ ಮತ್ತೆ ಸೊಟ್ಟಗಾಗುತ್ತದೆ.

ಬೂಟು ಹಾಕುವಾಗ ಮಂಡಿ ಬಗ್ಗಿಸಿ, ಹಿಮ್ಮಡಿಯನ್ನು ತಳಕ್ಕೆ ಒತ್ತಿ, ಮೊದಲು ನಡುವಿನ ಪಟ್ಟಿ ಬಿಗಿ ಮಾಡಿ. ಹಿಮ್ಮಡಿ ಸರಿಯಾಗಿ ಕೂತಾಗ ಬೆರಳ ತುದಿ ಎಲ್ಲಿಗೆ ಬರುತ್ತದೋ ಅಲ್ಲಿ ಒಳಗೆ ಗುರುತು ಹಾಕಿಟ್ಟರೆ ಮುಂದೆ ಕತ್ತಲಲ್ಲೂ ಗೊತ್ತಾಗುತ್ತದೆ. ಬೊಬ್ಬೆ ಬಂದರೆ ಹಿಮ್ಮಡಿ ಒಳಗೆ ಜಾರಾಡುತ್ತಿದೆ, ಪಟ್ಟಿ ಸಡಿಲ ಇರಬೇಕು. ಪಾದ ಮೊದಲಿನಷ್ಟು ಮೇಲಕ್ಕೆ ಬಗ್ಗುತ್ತಿಲ್ಲ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ತೋರಿಸಿ.