ನೆಟೆ ಬಿದ್ದ ಎರೆ ಹೊಲದಲ್ಲಿ ಮತ್ತೆ ತೊಗರಿ: ನೀರಿಗೆ ದಾರಿ, ಜೋಳಕ್ಕೆ ಒಂದು ವರ್ಷ

ತೊಗರಿ ಗಿಡವನ್ನು ಬಾಡಿಸಿ ಕೊಲ್ಲುವ ನೆಟೆ ರೋಗಕ್ಕೆ ಎಣ್ಣಿ, ಅಂದರೆ ಹೊಡೆಯುವ ಔಷಧಿ, ಇಲ್ಲ. ಇದನ್ನು ಒಪ್ಪುವವರು ಮುಂದೆ ಓದಿ, ಒಪ್ಪದವರು ಇನ್ನೊಂದು ವರ್ಷ ಅಂಗಡಿಗೆ ದುಡ್ಡು ಕಟ್ಟಿ ಬನ್ನಿ. ಗಿಡ ಬಾಡಿದ ಮೇಲೆ ಕಾಪರ್ ಆಕ್ಸಿಕ್ಲೋರೈಡ್, ಕಾರ್ಬೆಂಡಜಿಮ್‌ನಂಥ ಬೂಷ್ಟು ಕೊಲ್ಲುವ ಎಣ್ಣಿ ಬುಡಕ್ಕೆ ಸುರಿಯಲು 2022ರಲ್ಲಿ ಎಕರೆಗೆ ಎರಡು, ಎರಡೂವರೆ ಸಾವಿರ ಹೋಯಿತು. ಅದರ ಹಿಂದೆ ಗಿಡವೂ ಹೋಯಿತು. ಬುಡದ ಒಳನಾಳ ಕಪ್ಪಾಗಿ ನೀರು ಏರುವುದೇ ನಿಂತಿರುವಾಗ ಮೇಲೆ ಏನು ಸುರಿದರೇನು?

ಆ ವರ್ಷ ಕಲಬುರಗಿ ಜಿಲ್ಲೆಯಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಮಳೆ ಬಿಡದೆ ಹೊಡೆಯಿತು, ಹೂ ಕಾಯಿ ಹೊತ್ತಿಗೆ ಹೊಲಕ್ಕೆ ಹೊಲ ಒಣಗಿ ನಿಂತವು. ಜನ ಒಣಗಿದ ತೊಗರಿ ಗಿಡ ಹಿಡಿದು ರಸ್ತೆಗಿಳಿದರು, ಬಂದ್ ಆಯಿತು, ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಎಕರೆಗೆ ಲೆಕ್ಕ ಹಾಕಿದರೆ ನಾಲ್ಕು ಸಾವಿರ. ಲಾಗೋಡಿ (ಬೆಳೆಯುವ ಖರ್ಚು) ಎಕರೆಗೆ ಹದಿನಾಲ್ಕು, ಹದಿನೈದು ಸಾವಿರ ಬರುವಾಗ ಅದು ಯಾವ ಮೂಲೆಗೆ? ಹೋರಾಟ ಬೇಕಿತ್ತು, ತಪ್ಪೇನಿಲ್ಲ. ಆದರೆ ಅದೇ ಹೊಲಕ್ಕೆ ಮರುವರ್ಷ ಅದೇ ತೊಗರಿ ಬಿತ್ತಿ ಮತ್ತೆ ಅದೇ ಅರ್ಜಿ ಬರೆಯುವುದು ನನಗೆ ಒಗ್ಗಲಿಲ್ಲ. ಹಿಂದೆ ನಮ್ಮ ಕಡೆ ತೊಗರಿಯ ಜೊತೆ ಜೋಳ, ಸಜ್ಜೆ, ಹೆಸರು, ಎಳ್ಳು, ಪುಂಡಿ ಎಲ್ಲ ಇದ್ದವು. ದರ ಬಂತೆಂದು ಒಂದೊಂದಾಗಿ ಬಿಟ್ಟೆವು. ನೆಟೆಯ ಬೂಷ್ಟು ಹಳೆ ಕೂಳೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಬದುಕಿರುತ್ತದೆ. ವರ್ಷ ವರ್ಷವೂ ತೊಗರಿ ಹಾಕಿದರೆ ಅದಕ್ಕೆ ವರ್ಷ ವರ್ಷವೂ ಊಟ ಸಿಕ್ಕಂತೆ.

ಮೊದಲು ಗಿಡ ಕಿತ್ತು ಬುಡ ಸೀಳಿ ನೋಡಿ. ತೊಗಟೆ ಚೆನ್ನಾಗಿದ್ದು ಒಳಗೆ ಕಂದು ಕಪ್ಪು ಗೆರೆ ಉದ್ದಕ್ಕೆ ಓಡಿದ್ದರೆ ಅದು ನೆಟೆ. ಬೇರು ಒಣಗಿ ತೊಗಟೆ ಚೂರು ಚೂರಾಗಿ ಕಿತ್ತು ಬಂದರೆ ಅದು ಒಣ ಬೇರು ಕೊಳೆ, ಮಳೆ ಕೈಕೊಟ್ಟು ಬಿಸಿಲು ಹೆಚ್ಚಾದಾಗ ಬರುವುದು. ಬಿತ್ತಿದ ತಿಂಗಳು, ಎರಡು ತಿಂಗಳೊಳಗೆ ತಗ್ಗಿನಲ್ಲಿ ಕಾಂಡದ ಮೇಲೆ ಕಪ್ಪು ಮಚ್ಚೆ ಬಿದ್ದು ಅಲ್ಲೇ ಮುರಿದರೆ ಅದು ಫೈಟಾಫ್ತರ, ನಿಂತ ನೀರಿನ ಕಾಯಿಲೆ. ನನ್ನ ನಾಲ್ಕು ಎಕರೆಯಲ್ಲಿ ಮೇಲ್ಭಾಗದಲ್ಲಿ ನೆಟೆ, ಕೆಳಮೂಲೆಯಲ್ಲಿ ಫೈಟಾಫ್ತರ, ಎರಡೂ ಇದ್ದವು. ಊರಲ್ಲಿ ಎರಡಕ್ಕೂ ಒಂದೇ ಎಣ್ಣಿ ಹೊಡೆಯುತ್ತಿದ್ದರು.

ನಿಂತ ನೀರು ಹೊರಹಾಕುವ ಕೆಲಸ ಬೇಸಿಗೆಯದು. ಪಲ್ಟಿ ನೇಗಿಲು ಹೊಡೆಸಿ, ಹಳೆ ಕೂಳೆ ಆರಿಸಿ ಒಲೆಗೆ ಹಾಕಿ. ರೋಟಾವೇಟರ್ ಹೊಡೆದರೆ ಕೂಳೆ ಚೂರಾಗಿ ಹೊಲವೆಲ್ಲ ಹರಡುತ್ತದೆ, ಕೆಳಗೆ ಗಟ್ಟಿ ಪದರವೂ ಕೂರುತ್ತದೆ. ಸತ್ತ ಗಿಡ ಕಿತ್ತು ಬದುವಿನ ಮೇಲೆ ಒಗೆಯುವವರಿದ್ದಾರೆ, ಮಳೆ ಅದನ್ನು ತೊಳೆದು ವಾಪಸ್ ಹೊಲಕ್ಕೇ ತರುತ್ತದೆ. ಆಮೇಲೆ ಮೇಸ್ತ್ರಿಗಳು ಹಿಡಿಯುವ ಲೆವೆಲ್ ಪೈಪ್ ಸಾಕು, ಇಳಿಜಾರು ನೋಡಿಕೊಳ್ಳಿ. ನೂರು ಅಡಿಗೆ ಐದರಿಂದ ಏಳು ಇಂಚು ಇಳಿಯುವಂತೆ ಸಾಲಿನ ದಿಕ್ಕು ಹಿಡಿಯಬೇಕು. ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಸಾಲೇ ಕೊರಕಲು ಬೀಳುತ್ತದೆ. ಒಂದು ಸಾಲು ಮುನ್ನೂರು ಅಡಿಗಿಂತ ಉದ್ದ ಓಡಬಾರದು. ಮೊದಲ ಮಳೆಯ ಹದ ಆರುವ ಮುಂಚೆ ಟ್ರ್ಯಾಕ್ಟರಿನ ಎರಡು ರಿಡ್ಜರ್ (ಮಣ್ಣು ಏರಿಸಿ ಸಾಲು ಬಿಡುವ ನೇಗಿಲು) ಐದಡಿ ಅಂತರಕ್ಕೆ ಕಟ್ಟಿ ಹೊಡೆಸಿದರೆ ಮೂರೂವರೆ ಅಡಿ ಮಡಿ, ಒಂದೂವರೆ ಅಡಿ ಕಾಲುವೆ. ಒಣ ಎರೆಯಲ್ಲಿ (ಕಪ್ಪು ಮಣ್ಣಿನಲ್ಲಿ) ಹೊಡೆಸಿದರೆ ಬರೀ ಹೆಂಟೆ ಏಳುತ್ತದೆ, ಹಸಿಯಲ್ಲಿ ಹೊಡೆಸಿದರೆ ಮಡಿ ಮೇಣವಾಗಿ ಒಣಗಿ ಬಿರಿಯುತ್ತದೆ. ಎಕರೆಗೆ ಸಾವಿರ, ಹನ್ನೊಂದು ನೂರು ಕೊಟ್ಟ ನೆನಪು. ಮಡಿ ಮಾಡಿದ ಮೇಲೆ ಒಂದು ದೊಡ್ಡ ಮಳೆ ಬೀಳುವವರೆಗೆ ಬಿತ್ತಬೇಡಿ. ಎಲ್ಲಿ ನೀರು ನಿಲ್ಲುತ್ತದೆ ಅನ್ನುವುದು ಆಗಲೇ ಕಾಣುತ್ತದೆ, ಸಲಿಕೆ ಹಿಡಿದು ಬಿಡಿಸಬಹುದು.

ಕಷ್ಟದ ಕೆಲಸ ಇಲ್ಲಿಂದ ಶುರು. ನಿಮ್ಮ ಹೊಲದ ನೀರು ಹೊರಗೆ ಹೋಗುವುದು ಕೆಳಗಿನವನ ಹೊಲಕ್ಕೇ. ನಮ್ಮ ಭಾಗದಲ್ಲಿ ಬದು ಒಡೆದ ಜಗಳ ಠಾಣೆಯವರೆಗೆ ಹೋಗುವುದು ಹೊಸದೇನಲ್ಲ, ಅಣ್ಣತಮ್ಮಂದಿರೇ ಮಾತು ಬಿಟ್ಟ ಊರುಗಳಿವೆ. ಮಳೆಯಲ್ಲಿ ರಾತ್ರಿ ಹೋಗಿ ಬದು ಕಡಿದು ನೀರು ಬಿಡುವವನೂ ಪಕ್ಕದವನೇ, ಪರಿಹಾರಕ್ಕೆ ಜೊತೆಗೆ ಧಿಕ್ಕಾರ ಕೂಗುವವನೂ ಅವನೇ. ಹಾಗಾಗಿ ಕೆಳಗಿನ ಹೊಲದ ಕಾಕಾನ ಜೊತೆ ಮಾತು ಬೇಸಿಗೆಯಲ್ಲೇ ಆಗಬೇಕು. “ನಿನ್ ಹೊಲದ ನೀರ್ ನನ್ ಹೊಲಕ್ಯಾಕೋ ತಮ್ಮಾ, ನನಗೇನ್ ಹುಚ್ಚ ಹಿಡದದ?” ಅಂತಲೇ ಶುರುವಾಗುತ್ತದೆ. ಒಪ್ಪಿದ ಕರಾರು ಇಷ್ಟು: ನೀರು ಒಂದೇ ಕಡೆ ಇಳಿಯುತ್ತದೆ, ಬದುವಿನ ತುಂಬ ಅಲ್ಲ. ಇಳಿಯುವ ಮುಂಚೆ ನನ್ನ ಮೂಲೆಯಲ್ಲಿ ಒಂದು ಗುಂಡಿಗೆ ಬೀಳುತ್ತದೆ. ಗುಂಡಿಯ ಹೂಳಿನಲ್ಲಿ ಅರ್ಧ ಅವನಿಗೆ, ಮಳೆ ತಡವಾದರೆ ಆ ನೀರು ಎಣ್ಣಿ ಹೊಡೆಯಲು ಅವನೂ ಎತ್ತಬಹುದು. ಬದುವಿನಲ್ಲಿ ನೀರು ಹೊರಬೀಳುವ ಬಾಯಿ, ಅಂದರೆ ಕೋಡಿಯಿಂದ ಹಳ್ಳದವರೆಗೆ ಅವನ ಬದುವಿಗೆ ಹೊಂದಿ ಮೂರಡಿ ಅಗಲದ ಕಾಲುವೆ ತೋಡಿಸುವ ಖರ್ಚು ನನ್ನದು. ಕಾಗದ ಮಾಡಲಿಲ್ಲ, ನಾಲ್ಕು ಮಂದಿ ಎದುರು ಮಾತಾಯಿತು.

ಗುಂಡಿ ಹತ್ತಡಿ ಉದ್ದ, ಹತ್ತಡಿ ಅಗಲ, ಐದಡಿ ಆಳ. ಜೆಸಿಬಿ ಎರಡು ತಾಸಿನ ಆಸುಪಾಸು ತೆಗೆದುಕೊಂಡಿತು. ಬದುವಿನಡಿ ಆರಿಂಚಿನ ಪೈಪ್ ಹಾಕುವುದು ಸೋವಿ ಅಂತ ಎಲ್ಲರೂ ಹೇಳುತ್ತಾರೆ, ನಂಬಬೇಡಿ. ಮೊದಲ ಜೋರು ಮಳೆಗೆ ಕಸ, ಹೊಟ್ಟು, ಹೂಳು ಸೇರಿ ಪೈಪ್ ಕಟ್ಟುತ್ತದೆ, ನೀರು ಪೈಪಿನ ಪಕ್ಕದಲ್ಲಿ ಮಣ್ಣು ಕೊರೆದು ಬದುವನ್ನೇ ಒಯ್ಯುತ್ತದೆ. ತೆರೆದ ಕಲ್ಲು ಕೋಡಿಯೇ ಸರಿ. ಶಹಾಬಾದ್, ಚಿತ್ತಾಪುರ ಕಡೆ ಗಣಿಗಳಲ್ಲಿ ಒಡೆದ ಫರಸಿ (ಹಾಸುಗಲ್ಲು) ತುಂಡು ರಾಶಿ ಬಿದ್ದಿರುತ್ತದೆ, ಕಲ್ಲಿಗಿಂತ ಬಾಡಿಗೆಗೇ ದುಡ್ಡು. ಬದುವಿನ ತಲೆಗಿಂತ ಒಂದಡಿ ಕೆಳಗೆ ನಾಲ್ಕಡಿ ಅಗಲದ ಬಾಯಿ ಬಿಟ್ಟು, ಫರಸಿಯನ್ನು ನಿಲ್ಲಿಸಿ ಒಂದೂವರೆ ಅಡಿ ಹೂಳಬೇಕು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಬರೀ ಅದೇ ಮಣ್ಣು ತುಂಬಿದರೆ ಒಂದೇ ವರ್ಷದಲ್ಲಿ ಕಲ್ಲು ವಾಲುತ್ತದೆ. ಎರಡೂ ಬದಿಗೆ ಅರ್ಧ ಅಡಿ ಮುರುಮ್ (ಗರಸು ಮಣ್ಣು) ತುಂಬಿ ದಿಮ್ಮಿಸು ಹೊಡೆಯಿರಿ. ಕೋಡಿಯ ಎರಡೂ ಪಕ್ಕ ಬದುವಿನೊಳಗೆ ಮೂರಡಿ ಕಲ್ಲು ಹೋಗದಿದ್ದರೆ ನೀರು ಪಕ್ಕದಿಂದ ಸುತ್ತಿ ಬರುತ್ತದೆ. ನೀರು ಬೀಳುವ ಕಡೆ ಫರಸಿ ಹಾಸಿ, ಇಲ್ಲವಾದರೆ ಅಲ್ಲೊಂದು ಹೊಂಡ. ಗುಂಡಿ, ಕೋಡಿ, ಕಾಕಾನ ಕಡೆಯ ಕಾಲುವೆ ಎಲ್ಲ ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ನಾಲ್ಕು ಎಕರೆಗೆ ಇದೊಂದು ಸಲದ ಖರ್ಚು, ವರ್ಷಕ್ಕೊಮ್ಮೆ ಹೂಳು ತೆಗೆದರೆ ಆಯಿತು.

ಇನ್ನು ಜೋಳ, ನೆಟೆಯ ಬೂಷ್ಟಿಗೆ ಒಂದು ವರ್ಷ ಊಟ ತಪ್ಪಿಸಲು. ಊರವರು ನಕ್ಕದ್ದು ಇದಕ್ಕೇ. “ತೊಗರಿ ಬಿಟ್ಟು ಜ್ವಾಳ ಬಿತ್ತ್ಯಾನ, ಹಕ್ಕಿಗಿ ಜಾತ್ರಿ ಮಾಡ್ಯಾನ” ಅಂದರು. ಹಕ್ಕಿಯ ಮಾತು ಸುಳ್ಳಲ್ಲ. ಸುತ್ತ ತೊಗರಿಯ ನಡುವೆ ಒಬ್ಬನೇ ಜೋಳ ಹಾಕಿದರೆ ಊರಿನ ಹಕ್ಕಿಯೆಲ್ಲ ಅಲ್ಲೇ. 2023ರಲ್ಲಿ ಎರಡು ಎಕರೆ ಹಾಕಿದಾಗ ಅಂಚಿನ ಸಾಲುಗಳಲ್ಲಿ ತೆನೆ ಬರೀ ಹೊಟ್ಟಾಗಿ ಉಳಿಯಿತು. ಮರುವರ್ಷ ಉಳಿದ ಎರಡು ಎಕರೆಗೆ ಹಾಕುವಾಗ ಪಕ್ಕದ ಇಬ್ಬರನ್ನು ಒಪ್ಪಿಸಿ ಒಂದೇ ಪಟ್ಟಿಯಲ್ಲಿ ಏಳೆಂಟು ಎಕರೆ ಜೋಳ ಮಾಡಿದೆವು, ಕಾವಲಿಗೆ ಒಂದೇ ಆಳು, ಹಕ್ಕಿಯ ಪಾಲು ಮೂರು ಹೊಲಕ್ಕೆ ಹಂಚಿಹೋಯಿತು. ಅದರಲ್ಲಿ ಒಬ್ಬರು ಮೊದಲ ವರ್ಷ ಜೋರಾಗಿ ನಕ್ಕವರೇ.

ಕ್ರಮ ಇದು: ಮುಂಗಾರಿಗೆ ಹೆಸರು, ಆಗಸ್ಟ್ ಕೊನೆಗೆ ಅದರ ರಾಶಿ, ಸೆಪ್ಟೆಂಬರ್ ಕೊನೆಗೆ ಹಿಂಗಾರಿ ಜೋಳದ ಮಾಲ್ದಂಡಿ ತಳಿ. 2023 ಬರದ ವರ್ಷ, ಹೆಸರು ಎಕರೆಗೆ ಒಂದು ಕ್ವಿಂಟಲೂ ಮುಟ್ಟಲಿಲ್ಲ. ಜೋಳ ಐದರ ಹತ್ತಿರ ಬಂತು. ಆ ವರ್ಷ ಮಾಲ್ದಂಡಿಯ ಬೆಂಬಲ ಬೆಲೆ ಕ್ವಿಂಟಲಿಗೆ 3,225 ಇತ್ತು, ಆದರೆ ಕೈ ಹಿಡಿದದ್ದು ಕಣಿಕೆ (ಜೋಳದ ಒಣ ದಂಟು). ಬರಕ್ಕೆ ಮೇವಿಲ್ಲದೆ ಜನ ಹೊಲಕ್ಕೇ ಬಂದು ಒಯ್ದರು. ಎಲ್ಲ ಸೇರಿ ಎಕರೆಗೆ ಇಪ್ಪತ್ತೈದು ಸಾವಿರದಷ್ಟು ಬಂದಿರಬೇಕು. 2022ರ ನೆಟೆ ತೊಗರಿ ಎಕರೆಗೆ ಎರಡೂವರೆ ಕ್ವಿಂಟಲ್, 6,600ರ ಬೆಂಬಲ ಬೆಲೆಯಲ್ಲೇ ಹಿಡಿದರೂ ಹದಿನಾರು ಚಿಲ್ಲರೆ ಸಾವಿರ. ಜೋಳದಲ್ಲಿ ನಷ್ಟ ಅನ್ನುವವರು ಎರಡನ್ನೂ ಪಕ್ಕದಲ್ಲಿಟ್ಟು ನೋಡಲಿ.

ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಬೂಷ್ಟು ಟ್ರೈಕೋಡರ್ಮಾ ಎಲ್ಲರೂ ಹಾಕುತ್ತಾರೆ, ಕೆಲಸ ಮಾಡುವುದು ಕೆಲವರಿಗೆ. ಪೊಟ್ಟಣ ಒಡೆದು ಒಣ ಹೊಲಕ್ಕೆ ಎರಚಿದರೆ ಬಿಸಿಲಿಗೇ ಸಾಯುತ್ತದೆ. ತೊಂಬತ್ತು ಕಿಲೋ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಹತ್ತು ಕಿಲೋ ಬೇವಿನ ಹಿಂಡಿ, ಎರಡು ಕಿಲೋ ಟ್ರೈಕೋಡರ್ಮಾ, ಇದು ಒಂದು ಎಕರೆಗೆ. ನೆರಳಲ್ಲಿ ಕಲಸಿ, ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ಬರಬಾರದು, ಅಷ್ಟೇ ಹಸಿ. ಗೋಣಿಚೀಲ ಮುಚ್ಚಿ ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ. ಎರಡು ವಾರದ ಹೊತ್ತಿಗೆ ಹಸಿರು ಬೂಷ್ಟು ಕಾಣಬೇಕು. ಬಿಸಿ ಹಾಯುತ್ತಿದ್ದರೆ ಗೊಬ್ಬರ ಇನ್ನೂ ಹಸಿ ಇದೆ ಅಂತ ಅರ್ಥ, ಅದರಲ್ಲಿ ಬೆಳೆಯುವುದಿಲ್ಲ. ಇದನ್ನು ಮಡಿಯ ನಡುವೆ ಬಿತ್ತುವ ಗೆರೆಯಲ್ಲಿ ಹಾಕಿ ಅದೇ ದಿನ ಮಣ್ಣು ಮುಚ್ಚಿ. ಬೀಜಕ್ಕೂ ಟ್ರೈಕೋಡರ್ಮಾ ಹಚ್ಚುವವರು ಕಾರ್ಬೆಂಡಜಿಮ್ ಮುಟ್ಟಬೇಡಿ, ಅದು ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ. ಅಂಗಡಿಯಿಂದ ತಂದ, ಔಷಧಿಯ ಬಣ್ಣ ಹಚ್ಚಿದ ಬೀಜಕ್ಕೆ ಮೇಲೆ ಟ್ರೈಕೋಡರ್ಮಾ ಬಳಿಯುವುದೂ ಅದೇ ಕಥೆ. ಬೀಜೋಪಚಾರದ ನೀರಿಗೆ ನಾನು ಇನ್ನೊಂದು ಸಾಮಾನು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಲಕ್ಕೆ ಬಂದವರಿಗೆ ಹೇಳಿದ್ದೇನೆ.

ಜೋಳದ ಮರುವರ್ಷ ಬಿತ್ತುವ ತೊಗರಿ ತಳಿ ಟಿಎಸ್-3ಆರ್. ಮಾರುತಿ ತಳಿ ನೆಟೆ ತಾಳುತ್ತದೆ, ಗೊಡ್ಡು ರೋಗ ಹಿಡಿದರೆ ಹೂವೇ ಇಲ್ಲ. ಆಶಾ ಎರಡನ್ನೂ ತಾಳುತ್ತದೆ, ಆದರೆ ಅವಧಿ ಉದ್ದ, ಹಿಂಗಾರು ಮಳೆ ತಪ್ಪಿದರೆ ಕಾಯಿ ಜೊಳ್ಳು. ತಳಿಯೊಂದನ್ನೇ ನಂಬಿ ನೀರಿನ ಕೆಲಸ ಬಿಟ್ಟರೆ ಯಾವ ತಳಿಯೂ ಉಳಿಯದು. ಮಡಿಯ ನಡುವೆ ಅಡಿಗೊಂದು ಗುಣಿ, ಗುಣಿಗೆ ಎರಡು ಕಾಳು, ಎಕರೆಗೆ ಎರಡು ಕಿಲೋ ಹತ್ತಿರ ಬೀಜ. ಎರಡೂ ಅಂಚಿಗೆ ಒಂದೊಂದು ಸಾಲು ಹೆಸರು. ನಲವತ್ತೈದು, ಐವತ್ತು ದಿನಕ್ಕೆ ಕುಡಿ ಚಿವುಟುವುದು, ಹೂವಿಗೆ ಪಲ್ಸ್ ಮ್ಯಾಜಿಕ್ (ಸಿಂಪಡಿಸುವ ಪೋಷಕಾಂಶದ ಪುಡಿ) ಎಕರೆಗೆ ಎರಡು ಕಿಲೋ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಇದೆಲ್ಲ ನಿಮಗೆ ಗೊತ್ತಿರುವುದೇ.

ನಡುವೆ ಮಾಡಿದ ಬೇರೆ ಪ್ರಯೋಗಗಳು. ಬೀದರ್ ಕಡೆಯವರನ್ನು ನೋಡಿ ಕಾಲು ಎಕರೆ ಸಸಿ ನೆಡುವ ನಾಟಿ ತೊಗರಿ ಮಾಡಿದೆ, ಆರಡಿ ಮೂರಡಿಗೆ. ಮಳೆ ತಡವಾಗಿ ಸಸಿ ಚೀಲದಲ್ಲೇ ನಲವತ್ತು ದಿನ ದಾಟಿತು, ಬೇರು ಒಳಗೇ ಸುತ್ತಿಕೊಂಡು ಗಿಡ ಮೇಲೇಳಲೇ ಇಲ್ಲ. ನೀರು ಕೈಯಲ್ಲಿರುವವರಿಗೆ ಅದು ಲಾಯಕ್ಕು. ಚೆಂಡು ಹೂವು ಅಂಚಿಗೆ ಹಾಕಿದ್ದಕ್ಕೆ ಕಾಯಿಕೊರಕ ಅಷ್ಟೇನೂ ಕಡಿಮೆಯಾಗಲಿಲ್ಲ, ದೀಪಾವಳಿಗೆ ಹೂವು ಮಾರಿ ಒಂದು ಎಣ್ಣಿಯ ಖರ್ಚು ಮಾತ್ರ ಹೊರಟಿತು. ಪುಂಡಿ ಸಾಲು ಮಾತ್ರ ಬಿಡುವುದಿಲ್ಲ, ಪಲ್ಯಕ್ಕೂ ಆಯಿತು, ಹಗ್ಗಕ್ಕೂ ಆಯಿತು. ಜೀವಾಮೃತ ನಾಲ್ಕು ಸಾಲಿಗೆ ಹಾಕಿ ನಾಲ್ಕು ಸಾಲು ಬಿಟ್ಟು ನೋಡಿದೆ, ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಕಂಡವರು ಇದ್ದರೆ ಅವರ ಮಣ್ಣು ಬೇರೆ ಇರಬಹುದು.

ಬೀದರಿನ ಕೆಂಪು ಜಂಬಿಟ್ಟಿಗೆ ಹೊಲದವರು ಈ ಮಡಿಯನ್ನು ಹಾಗೇ ನಕಲು ಮಾಡಬೇಡಿ. ಆ ಮಣ್ಣಿನಲ್ಲಿ ನೀರು ತಾನೇ ಇಳಿಯುತ್ತದೆ, ಮಡಿ ಏರಿಸಿದರೆ ಬೇಗ ಒಣಗಿ ಒಣ ಬೇರು ಕೊಳೆಗೆ ದಾರಿ. ಔರಾದ್, ಭಾಲ್ಕಿಯ ಎರೆಗೆ ನಡೆಯುತ್ತದೆ. ಶಹಾಪುರ, ಸುರಪುರದ ಕಾಲುವೆ ಕೆಳಗಿನವರಿಗೆ ಮೇಲಿನ ಭತ್ತದ ಗದ್ದೆಯ ಬಸಿ ನೀರು ತಡೆಯುವುದೇ ಮೊದಲ ಕೆಲಸ, ಹೊಲದ ಮೇಲಂಚಿಗೆ ಮೂರಡಿ ಆಳದ ಬಸಿಗಾಲುವೆ ಇಲ್ಲದೆ ಮಡಿ ಮಾಡಿ ಪ್ರಯೋಜನವಿಲ್ಲ.

2024ರಲ್ಲಿ ಜೋಳದ ಹಿಂದೆ ತೊಗರಿ ಹಾಕಿದ ಎರಡು ಎಕರೆಯಲ್ಲಿ ಎಕರೆಗೆ ಏಳು ಕ್ವಿಂಟಲ್ ಬಂತು, ಮಾರುವ ಹೊತ್ತಿಗೆ ದರ ಬೆಂಬಲ ಬೆಲೆ 7,550ಕ್ಕಿಂತ ಕೆಳಗೆ ಕೂತಿತ್ತು, ಅದು ಬೇರೆ ಜಗಳ. ನಿಜವಾದ ಪರೀಕ್ಷೆ 2025ರದ್ದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಳೆ ಸುರಿದು ಭೀಮಾ ದಡ ಮೀರಿದಾಗ ಸುತ್ತಲಿನ ತೊಗರಿ ಹಳದಿ ತಿರುಗಿ ಕೂತಿತು. ನನ್ನ ಹೊಲದಲ್ಲಿ ಮಳೆ ನಿಂತ ಮರುದಿನ ಮಧ್ಯಾಹ್ನಕ್ಕೆ ಕಾಲುವೆ ಖಾಲಿ. ಜೋಳ ಮುಗಿದ ಪಟ್ಟಿಯಲ್ಲಿ ಸತ್ತ ಗಿಡ ನೂರಕ್ಕೆ ಐದಾರು ಇರಬಹುದು, ಕೊನೆಗೆ ಎಕರೆಗೆ ಆರೂವರೆ ಕ್ವಿಂಟಲ್ ಮುಟ್ಟಿತು. “ನೋಡೋಣ, ಎಷ್ಟ್ ದಿನ ನಡೀತದ” ಅಂದವರೇ ಈಗ ರಿಡ್ಜರ್ ಬಾಡಿಗೆ ಎಷ್ಟು ಅಂತ ಕೇಳುತ್ತಿದ್ದಾರೆ. ಕೆಳಗಿನ ಕಾಕಾ ತನ್ನ ಹೊಲಕ್ಕೂ ಕೋಡಿ ಹಾಕಿಸಲು ಹೊರಟಿದ್ದಾನೆ, ಅವನ ಕೆಳಗಿನವರ ಜೊತೆ ಮಾತಿಗೆ ನನ್ನನ್ನೂ ಕರೆದಿದ್ದಾನೆ. ಮೇಲಿಂದ ಹಳ್ಳದವರೆಗೆ ಐದು ಹೊಲ ಒಂದೇ ಲೆವೆಲ್ ಹಿಡಿದರೆ ಕಾಲುವೆ ತೋಡುವ ಖರ್ಚು ತಲೆಗೆ ಸಾವಿರದ ಮೇಲೆ ಹೋಗದು.

ಈ ವರ್ಷ ಮಾಡುವವರು ಫರಸಿ ತುಂಡು, ಮುರುಮ್ ಎರಡನ್ನೂ ಏಪ್ರಿಲ್ ಒಳಗೆ ಹೊಲಕ್ಕೆ ಮುಟ್ಟಿಸಿ. ಮೊದಲ ಮಳೆ ಬಿತ್ತೆಂದರೆ ಎರೆ ದಾರಿಯಲ್ಲಿ ಟ್ರೇಲರ್ ಹೂತು ನಿಲ್ಲುತ್ತದೆ, ಎಳೆಯಲು ಇನ್ನೊಂದು ಟ್ರ್ಯಾಕ್ಟರಿನ ಬಾಡಿಗೆ ಬೇರೆ.