ಗೋಡೌನಿನ ಯೂರಿಯಾ ಲಾರಿಗೆ ಯಾಕೆ ಆಗಲ್ಲ? ಡೆಫ್ ತುಂಬುವುದು ಹೇಗೆ?

ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು. ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಮೂಟೆ ಹೇರಿಕೊಂಡು ನಿಂತಿದ್ದ ಲಾರಿಯಲ್ಲಿ ಹಳದಿ ದೀಪ ಹತ್ತಿತು. ಡೆಫ್ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್, ಅಂದರೆ ಡೀಸೆಲ್ ಹೊಗೆಯ ವಿಷ ಇಳಿಸುವ ದ್ರವ) ತಳ ಕಂಡಿದೆ ಅಂತ ಅರ್ಥ. ಡ್ರೈವರ್ ಗೋಡೌನ್ ಕಡೆ ಕೈ ತೋರಿಸಿದ. "ಅಣ್ಣಾ, ಅಲ್ಲಿ ಯೂರಿಯಾ ಮೂಟೆ ಇದೆಯಲ್ಲ, ನೀರಿಗೆ ಕಲಸಿ ಹುಯ್ದ್ರೆ ಆಗಲ್ವಾ?"

ಪೆದ್ದ ಪ್ರಶ್ನೆ ಏನಲ್ಲ. ಡೆಫ್ ಅಂದರೆ ಯೂರಿಯಾ ನೀರೇ. 100 ಕಿಲೋ ಡೆಫ್‌ನಲ್ಲಿ 32.5 ಕಿಲೋ ಯೂರಿಯಾ, ಮಿಕ್ಕಿದ್ದು ಲವಣ ತೆಗೆದ ನೀರು. ಆದರೂ ಗೋಡೌನಿನ ಮೂಟೆ ನಡೆಯಲ್ಲ. ಯಾಕೆ ಅನ್ನುವುದಕ್ಕೆ ಮೊದಲು ಈ ನೀರಿಗೆ ಲಾರಿಯಲ್ಲಿ ಏನು ಕೆಲಸ ಅಂತ ನೋಡೋಣ.

ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಅದರ ಪಾಡಿಗೆ ಅದು ಇರುವ ಅನಿಲ. ಆದರೆ ಸಂಪಾಜೆ ಘಾಟಿ ಹತ್ತುವ ಲೋಡ್ ಲಾರಿಯ ಎಂಜಿನ್ ಒಳಗೆ ಉರಿಯ ಬಿಸಿ 1,500 ಡಿಗ್ರಿ ದಾಟಿದಾಗ ಅದೇ ನೈಟ್ರೋಜನ್ ಆಮ್ಲಜನಕದ ಜೊತೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಕಪ್ಪು ಹೊಗೆ ಬೇರೆ, ಇದು ಬೇರೆ. ಎಮಿಷನ್ ಟೆಸ್ಟ್‌ನಲ್ಲಿ ಡೀಸೆಲ್ ಗಾಡಿಗೆ ನೋಡುವುದು ಹೊಗೆ ಎಷ್ಟು ದಟ್ಟ ಅಂತ ಮಾತ್ರ. ಹಾಗಾಗಿ ಸರ್ಟಿಫಿಕೇಟ್ ಸಿಕ್ಕಿತು ಅಂದ ಮಾತ್ರಕ್ಕೆ ಈ ಅನಿಲ ಇಲ್ಲ ಅಂತಲ್ಲ. ಶ್ವಾಸಕೋಶಕ್ಕೆ ಉರಿ ತರಿಸುವ ಅನಿಲ ಇದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಭಾರತ್ ಸ್ಟೇಜ್ 6) ಹೊಗೆ ನಿಯಮ ಡೀಸೆಲ್ ಕಾರುಗಳಿಗೆ ಇದರ ಮಿತಿಯನ್ನು ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಸಿತು. ಲಾರಿಗಳಿಗೂ ಹಾಗೇ ಬಿಗಿ ಮಾಡಿತು.

ಅಷ್ಟು ಇಳಿಸಲು ಡೆಫ್ ಬೇಕಾಯಿತು. ಬಿಸಿ ಹೊಗೆಗೆ ಇದನ್ನು ಸಣ್ಣಗೆ ಸಿಂಪಡಿಸಿದರೆ ಯೂರಿಯಾ ಒಡೆದು ಅಮೋನಿಯಾ ಬರುತ್ತದೆ. ಮುಂದಿರುವ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಡಬ್ಬಿಯಲ್ಲಿ ಅಮೋನಿಯಾ ಮತ್ತು ನೈಟ್ರೋಜನ್ ಆಕ್ಸೈಡ್ ಸೇರಿ ಬರೀ ನೈಟ್ರೋಜನ್, ನೀರಾವಿ ಆಗಿ ಹೊರಗೆ ಹೋಗುತ್ತವೆ. ಗಮನಿಸಿ, ಇದು ಡೀಸೆಲ್ಲಿಗೆ ಬೆರೆಸುವ ಔಷಧಿ ಅಲ್ಲ. ಟ್ಯಾಂಕೇ ಬೇರೆ.

ಈಗ ಗೋಡೌನ್ ಯೂರಿಯಾ. ನಮ್ಮಲ್ಲಿ ಸಿಗುವ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಸವರಿರುತ್ತದೆ. ಅದು ಫಿಲ್ಟರ್, ಡೆಫ್ ಸಿಂಪಡಿಸುವ ನಾಝಲ್ ಕಟ್ಟಿಸುತ್ತದೆ. ಇನ್ನೊಂದು, ಬೈಯುರೆಟ್, ಅಂದರೆ ಯೂರಿಯಾ ತಯಾರಾಗುವಾಗ ಬಿಸಿಗೆ ಹುಟ್ಟುವ ಕಲ್ಮಶ. ಕಿತ್ತಳೆ, ಕಾಫಿ ಎಲೆಗೆ ಯೂರಿಯಾ ಹೊಡೆದು ತುದಿ ಸುಟ್ಟುಕೊಂಡವರಿಗೆ ಈ ಹೆಸರು ಗೊತ್ತಿರುತ್ತದೆ. ಗೊಬ್ಬರದಲ್ಲಿ ಅದು 1.5%ವರೆಗೂ ಇರಬಹುದು, ಡೆಫ್‌ನಲ್ಲಿ 0.3% ದಾಟುವಂತಿಲ್ಲ. ಮೇಲೆ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಬೇರೆ. ಇವುಗಳಿಂದ ಕ್ಯಾಟಲಿಸ್ಟ್ ಒಮ್ಮೆ ಹಾಳಾದರೆ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಕೈಯಿಂದ ಹೋಗುತ್ತದೆ. ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ.

ಸರಿ, ತುಂಬುವುದು ಹೇಗೆ? ಮೊದಲು ನಿಮ್ಮ ಗಾಡಿಗೆ ಡೆಫ್ ಬೇಕೇ ಅಂತ ನೋಡಿ. ಹಳೇ ಜೀಪಿಗೆ ಬೇಡ, ಎಲ್ಲ ಬಿಎಸ್6 ಡೀಸೆಲ್ ಗಾಡಿಗೂ ಬೇಡ. ನೀಲಿ ಮುಚ್ಚಳ ಇದ್ದರೆ ಬೇಕು. ಬಕೆಟ್ ಕೊಳ್ಳುವಾಗ ಐಎಸ್‌ಒ 22241 (ಡೆಫ್ ಗುಣಮಟ್ಟದ ಗುರುತು) ಅಂತ ಇದೆಯಾ, ಸೀಲ್ ಗಟ್ಟಿ ಇದೆಯಾ, ತಾರೀಕು ಯಾವುದು ಅಂತ ನೋಡಿ. 30 ಡಿಗ್ರಿ ಒಳಗೆ ನೆರಳಲ್ಲಿಟ್ಟರೆ ಸುಮಾರು ಒಂದು ವರ್ಷ ಬಾಳುತ್ತದೆ. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಬಿಸಿಲಿಗೆ ಬಿಡಬೇಡಿ. ಚಳಿಯ ಚಿಂತೆ ಬೇಡ, ಇದು ಗಟ್ಟಿಯಾಗುವುದು ಮೈನಸ್ 11 ಡಿಗ್ರಿಯಲ್ಲಿ. ಮಡಿಕೇರಿ ಎಷ್ಟೇ ನಡುಗಿಸಿದರೂ ಅಲ್ಲಿಗೆ ಇಳಿಯಲ್ಲ.

ಎಂಜಿನ್ ಆಫ್ ಮಾಡಿ. ಮುಚ್ಚಳದ ಸುತ್ತ ಕೆಸರು ಒರೆಸಿ, ಆಮೇಲೆ ತೆಗೆಯಿರಿ. ಮಳೆಗಾಲದಲ್ಲಿ ಇದು ಮುಖ್ಯ. ಬಕೆಟ್ ಜೊತೆ ಬರುವ ಪೈಪನ್ನೇ ಬಳಸಿ. ಡೀಸೆಲ್ ಹುಯ್ದ ಆಲಿಕೆ ಬೇಡ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಔಷಧಿ) ಕಲಸಿದ ಡಬ್ಬಿಯಂತೂ ಬೇಡವೇ ಬೇಡ, ಅದರ ತಾಮ್ರದ ಅಂಶ ಕ್ಯಾಟಲಿಸ್ಟಿಗೆ ವಿಷ. ಹಿತ್ತಾಳೆ, ಜಿಂಕ್ ಬಕೆಟನ್ನು ಡೆಫ್ ತಿನ್ನುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಆಗಬಹುದು. ಕಂಠದವರೆಗೆ ತುಂಬಬೇಡಿ. ಒಮ್ಮೆ ನಾನೇ ಚೆಲ್ಲಿ ಸುಮ್ನೆ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮಡ್‌ಗಾರ್ಡ್ ಮೇಲೆ ಉಪ್ಪು ಉಕ್ಕಿದ ಹಾಗೆ ಬಿಳಿ ಹರಳು, ಉಗುರಿಗೆ ಪುಡಿ ಪುಡಿ ಬಂತು. ಚೆಲ್ಲಿದ ಕೂಡಲೇ ನೀರು ಹಾಕಿ ತೊಳೆಯಿರಿ.

ಲಾರಿ 100 ಲೀಟರ್ ಡೀಸೆಲ್ ಕುಡಿದರೆ ಡೆಫ್ ಸುಮಾರು 3ರಿಂದ 5 ಲೀಟರ್ ಖರ್ಚಾಗಬೇಕು. ತೀರಾ ಕಡಿಮೆ ಇಳಿಯುತ್ತಿದ್ದರೆ ನಾಝಲ್ ಕಟ್ಟಿರಬಹುದು. ಹೊಗೆ ಸುಮಾರು 200 ಡಿಗ್ರಿ ಬಿಸಿಯಾಗದೆ ಸಿಂಪಡಿಕೆ ಶುರುವಾಗಲ್ಲ. ತೋಟದಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಬರೀ ಸಣ್ಣ ಓಟ ಓಡಿಸುವವರ ಪೈಪಿನಲ್ಲಿ ಹರಳು ಕಟ್ಟುವುದು ಜಾಸ್ತಿ. ಆಗಾಗ ದೂರದ ಓಟ ಕೊಡಿ. ಕೀ ತೆಗೆದ ಮೇಲೂ ಪಂಪ್ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಿರುತ್ತದೆ, ಪೈಪಿನಲ್ಲಿ ಉಳಿದ ಡೆಫ್ ವಾಪಸ್ ಎಳೆದುಕೊಳ್ಳುತ್ತಿರುತ್ತದೆ. ಆ ಸದ್ದು ನಿಲ್ಲುವವರೆಗೆ ಬ್ಯಾಟರಿ ಸ್ವಿಚ್ ಮುಟ್ಟಬೇಡಿ.

ದೀಪ ಕಂಡೂ ಓಡಿಸುತ್ತಾ ಹೋದರೆ ಎಂಜಿನ್ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ. ಮಾಕುಟ್ಟ ಘಾಟಿಯಲ್ಲಿ ಲೋಡ್ ಸಮೇತ ಹಾಗಾದರೆ ಹಿಂದಿನವರ ಹಾರ್ನ್ ಕೇಳುತ್ತಾ ನಿಲ್ಲಬೇಕು. ಡೆಫ್ ಇದೆ ಅಂತ ಎಂಜಿನ್ನಿಗೆ ಸುಳ್ಳು ಹೇಳುವ ಪೆಟ್ಟಿಗೆ ಹಾಕಿಸಿಕೊಡುತ್ತೇವೆ ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಮೋಸವೇ, ಆ ಹೊಗೆ ಕುಡಿಯುವುದು ನಮ್ಮ ಊರಿನ ಮಕ್ಕಳೇ.

ಅಪ್ಪಿತಪ್ಪಿ ಡೀಸೆಲ್ ಟ್ಯಾಂಕಿಗೆ ಡೆಫ್ ಹುಯ್ದರೆ ಕೀ ತಿರುಗಿಸಲೇಬೇಡಿ. ತಿರುಗಿಸಿದರೆ ಅದು ಪಂಪು, ಇಂಜೆಕ್ಟರ್ ಸೇರುತ್ತದೆ. ಡೆಫ್ ಟ್ಯಾಂಕಿಗೆ ಡೀಸೆಲ್ ಬಿದ್ದರೂ ಅಷ್ಟೇ. ಗಾಡಿ ಎಲ್ಲಿದೆಯೋ ಅಲ್ಲೇ ಬಿಟ್ಟು, ಮೆಕ್ಯಾನಿಕ್ ಕರೆಸಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ.